ಪೆಟ್ರೋಲಿನ ದಾರಿಯಲ್ಲಿ ತುಕ್ಕು

ಕೊಪ್ಪ ತಾಲ್ಲೂಕಿನ ಜಯಪುರದಲ್ಲಿ ನನ್ನ ಅಕ್ಕನ ಮನೆಯಿದೆ. ಬಾಳೆಹೊನ್ನೂರಿನಿಂದ ಶೃಂಗೇರಿಗೆ ಹೋಗುವ ಯಾತ್ರಿಕರು ಈ ಊರನ್ನು ಕಿಟಕಿಯಿಂದಲೇ ನೋಡಿ ಮುಂದೆ ಸಾಗಿಬಿಡುತ್ತಾರೆ. ಇಳಿದು ನಿಲ್ಲುವವರು ನಮ್ಮಂಥ ನೆಂಟರು. ಸುತ್ತ ಅಡಕೆಯ ತೋಟ, ಅದರಾಚೆ ಕಾಫಿ, ಅದರಾಚೆ ಕಾಡು. ಎಲ್ಲದರ ಮೇಲೆ ಜೂನ್ ತಿಂಗಳಿಂದ ಒಂದೇ ಸಮನೆ ಸುರಿಯುವ ಮಳೆ. ಶೃಂಗೇರಿಯನ್ನು ದಾಟಿ ಹೋದರೆ ಸಿಗುವ ಆಗುಂಬೆಯಲ್ಲಿ 1946ರ ಆಗಸ್ಟ್ ತಿಂಗಳೊಂದರಲ್ಲೇ 4,508 ಮಿಲಿಮೀಟರ್ ಮಳೆ ಬಿದ್ದ ದಾಖಲೆಯಿದೆ. ಜಯಪುರದ ಮಳೆ ಅಷ್ಟು ಉಗ್ರವಲ್ಲವೆನ್ನಿ. ಆದರೂ ಬೆಂಗಳೂರಿನಿಂದ ಹೋದ ನಮಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತದೆ. ಬಾಗಿಲಿನ ಅಗಳಿ ಕೈಗೆ ಕೆಂಪು ಬಳಿಯುತ್ತದೆ. ಇಂಥ ಊರಿನಲ್ಲಿ ಕಬ್ಬಿಣಕ್ಕೆ ಸುಖವಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಮ್ಮ ಭಾವನವರಿಗೆ ಹದಿನೇಳು ವರ್ಷ ಪ್ರಾಯದ ಒಂದು ಪೆಟ್ರೋಲು ಕಾರಿದೆ. ಆ ಸೀಮೆಯಲ್ಲಿ ಕಾರು ಭೋಗದ ವಸ್ತುವಲ್ಲ. ರೈಲು ಅಲ್ಲಿಗೆ ಬಂದಿಲ್ಲ. ಕಾರ್ಮಿಕರೇ ಕೂಡಿ 1991ರಲ್ಲಿ ಕಟ್ಟಿದ ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳು 2020ರಲ್ಲಿ ನಿಂತುಹೋದವು. ಹಳಬರು ಈಗಲೂ ಅವುಗಳನ್ನು ಮನೆಯವರನ್ನು ನೆನೆದಂತೆ ನೆನೆಯುತ್ತಾರೆ. ಬಸ್ಸಿಲ್ಲದ ವೇಳೆಯಲ್ಲಿ ಕಾಯಿಲೆ ಬಿದ್ದರೆ ಮನೆಯ ಕಾರೇ ಗತಿ. ಆದ್ದರಿಂದ ಭಾವ ಅದನ್ನು ಕೊಟ್ಟಿಗೆಯ ಹಸುವಿನಷ್ಟೇ ಪ್ರೀತಿಯಿಂದ ನೋಡಿಕೊಳ್ಳುತ್ತಾರೆ. ದಿನವೂ ಮೈ ಒರೆಸುತ್ತಾರೆ, ಎಣ್ಣೆ ನೋಡುತ್ತಾರೆ, ಚಕ್ರದ ಗಾಳಿ ನೋಡುತ್ತಾರೆ. ಹೀಗಿದ್ದೂ ಕಳೆದ ವರ್ಷದ ಆಷಾಢದಲ್ಲಿ ಅದು ನಮ್ಮನ್ನು ನಡುದಾರಿಯಲ್ಲಿ ಕೈಬಿಟ್ಟಿತು.

ಅಕ್ಕನ ಅತ್ತೆಯವರ ಕಣ್ಣಿನ ಪರೀಕ್ಷೆಗೆಂದು ಮಣಿಪಾಲಕ್ಕೆ ಹೋಗಿದ್ದೆವು. ಹೊರಡುವಾಗ ಭಾವ ಊರಿನ ಸಮೀಪದ ಒಂದು ಬಂಕಿನಲ್ಲಿ ಟ್ಯಾಂಕು ತುಂಬಿಸಿದ್ದರು. ಘಟ್ಟ ಇಳಿಯುವಾಗ ಏನೂ ತೊಂದರೆಯಾಗಲಿಲ್ಲ. ಮರಳಿ ಬರುವಾಗ ಸೋಮೇಶ್ವರ ದಾಟಿ ಆಗುಂಬೆಯ ಘಟ್ಟ ಹತ್ತತೊಡಗಿದ ಮೇಲೆ ಕಾರು ಏದುಸಿರು ಬಿಡಲಾರಂಭಿಸಿತು. ಹದಿನಾಲ್ಕು ತಿರುವುಗಳಲ್ಲಿ ಐದನೆಯದೋ ಆರನೆಯದೋ ಇರಬೇಕು. ಎರಡು ಸಲ ಮುಗ್ಗರಿಸಿ ಎಂಜಿನ್ ನಿಂತೇಹೋಯಿತು. ಹೊರಗೆ ಮಳೆ, ಮಂಜು, ಕತ್ತಲೆ. ಹಿಂದಿನ ಸೀಟಿನಲ್ಲಿ ಕಣ್ಣಿಗೆ ಔಷಧಿ ಹಾಕಿಸಿಕೊಂಡಿದ್ದ ಎಂಬತ್ತು ವರ್ಷದ ಮುದುಕಿ. ಮೇಲಿನಿಂದ ಇಳಿಯುವ ಲಾರಿಗಳ ದೀಪ ಮಂಜಿನಲ್ಲಿ ಕಾಣಿಸುವುದೇ ಹತ್ತು ಮಾರು ಹತ್ತಿರಕ್ಕೆ ಬಂದ ಮೇಲೆ. ನಾನು ಛತ್ರಿ ಹಿಡಿದು, ಮೊಬೈಲಿನ ದೀಪ ಬೀಸುತ್ತ ತಿರುವಿನಲ್ಲಿ ನಿಂತೆ. ಹತ್ತು ನಿಮಿಷ ಬಿಟ್ಟು ಭಾವ ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಎಂಜಿನ್ ಹೊತ್ತಿಕೊಂಡಿತು! ಎರಡು ತಿರುವು ಹತ್ತಿತು, ಮತ್ತೆ ನಿಂತಿತು. ಹೀಗೆ ನಿಲ್ಲುತ್ತ, ಹತ್ತುತ್ತ ನಾವು ಮನೆ ಸೇರುವಾಗ ನಡುರಾತ್ರಿ ಕಳೆದಿತ್ತು. ಅತ್ತೆಯವರು ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಅಂಗಳದಲ್ಲಿ ಇಳಿಯುವಾಗ ಮಾತ್ರ, “ಇನ್ನು ನನ್ನ ಕಣ್ಣು ಹೋದರೂ ಅಡ್ಡಿಯಿಲ್ಲ, ಆ ಘಟ್ಟಕ್ಕೆ ನಾನು ಬರುವುದಿಲ್ಲ” ಎಂದರು.

ಮರುದಿನ ಬೆಳಗ್ಗೆ ಭಾವ ಕಾಫಿ ಕೂಡ ಕುಡಿಯದೆ ನೇರವಾಗಿ ಬಂಕಿಗೆ ಹೋದರು. ನಾನೂ ಜೊತೆಗಿದ್ದೆ. ಹಿಂದಿನ ದಿನ ಪೆಟ್ರೋಲು ಹಾಕಿದ ಹುಡುಗನನ್ನು ಹತ್ತು ಜನರ ಮುಂದೆ ನಿಲ್ಲಿಸಿಕೊಂಡು, “ನೀರು ಬೆರೆಸಿ ಮಾರುತ್ತೀರಲ್ಲ, ಕಳ್ಳರಾ!” ಎಂದುಬಿಟ್ಟರು. ಬಂಕಿನ ಮೇಲ್ವಿಚಾರಕರು ಜಗಳಕ್ಕೆ ಬರಲಿಲ್ಲ. ಉದ್ದನೆಯ ಅಳತೆಗೋಲಿನ ತುದಿಗೆ ನೀರಿನ ಸೋಂಕು ತಗಲಿದರೆ ಬಣ್ಣ ಬದಲಿಸುವ ಲೇಪವನ್ನು ಹಚ್ಚಿ, ನೆಲದೊಳಗಿನ ಟ್ಯಾಂಕಿಗೆ ಇಳಿಸಿ, ಮೇಲೆತ್ತಿ ತೋರಿಸಿದರು. ಬಣ್ಣ ಬದಲಾಗಿರಲಿಲ್ಲ. ಆಗ ಆ ಹುಡುಗ ಮೆಲ್ಲಗೆ, “ಅಣ್ಣಾ, ನಿಮ್ಮ ಗಾಡಿಗೆ ಪೆಟ್ರೋಲು ಹಾಕುವಾಗ ನಾಜಲ್ ಪದೇ ಪದೇ ಕಟ್ಟಾಗುತ್ತದೆ. ಒಳಗಿನ ಪೈಪು ಒಂದು ಸಲ ತೋರಿಸಿ” ಎಂದ.

“ನನಗೆ ಪಾಠ ಹೇಳಬೇಡ, ಮಾರಾಯ! ನನ್ನ ಕಾರಿನ ಟ್ಯಾಂಕು ಪ್ಲಾಸ್ಟಿಕ್ಕಿನದು, ಅದಕ್ಕೆಲ್ಲಿಂದ ಬರಬೇಕು ರೋಗ?” ಎಂದು ಭಾವ ತಿರುಗಿ ಬಂದರು.

ರೋಗ ಎಲ್ಲಿಂದ ಬಂದಿತ್ತೆಂಬುದು ಮಧ್ಯಾಹ್ನ ಗ್ಯಾರೇಜಿನಲ್ಲಿ ತಿಳಿಯಿತು. ಅಲ್ಲಿನ ಹಿರಿಯ ಮೆಕ್ಯಾನಿಕ್ ಒಂದು ಕಾಲದಲ್ಲಿ ಬಸ್ಸುಗಳನ್ನು ರಿಪೇರಿ ಮಾಡಿದವರು. ಕಥೆಯನ್ನೆಲ್ಲ ಕೇಳಿದ ಮೇಲೆ ಅವರು ಬಾನೆಟ್ಟನ್ನು ಎತ್ತಲೇ ಇಲ್ಲ. ಪೆಟ್ರೋಲಿನ ಮುಚ್ಚಳವಿರುವ ಕಡೆಯ ಹಿಂದಿನ ಚಕ್ರ ಬಿಚ್ಚಿ, ಅದರ ಮೇಲಿನ ಪ್ಲಾಸ್ಟಿಕ್ ತಡೆಯನ್ನು ಕಳಚಿದರು. ದಬದಬನೆ ಒಂದು ಬುಟ್ಟಿ ಕೆಂಪು ಮಣ್ಣು ಬಿತ್ತು. ಅದರಲ್ಲಿ ಕೊಳೆತ ಎಲೆ, ಅಡಕೆಯ ಸಿಪ್ಪೆ, ಎಷ್ಟೋ ಮಳೆಗಾಲಗಳ ಗೊಚ್ಚೆ. ಮಣ್ಣಿನ ಹಿಂದೆ ಇತ್ತು ಆ ಕೊಳವೆ. ನಾವು ಪೆಟ್ರೋಲು ಸುರಿಸುವ ಬಾಯಿಯಿಂದ ಟ್ಯಾಂಕಿನವರೆಗೆ ಹೋಗುವ ಉಕ್ಕಿನ ಕೊಳವೆ. ಮೆಕ್ಯಾನಿಕ್ ಹೆಬ್ಬೆರಳಿನಿಂದ ಒತ್ತಿದರು. ಹಪ್ಪಳದಂತೆ ಪುಡಿಯಾಯಿತು.

ಟ್ಯಾಂಕು ಪ್ಲಾಸ್ಟಿಕ್ಕಿನದಾದರೂ ಅದಕ್ಕೆ ಪೆಟ್ರೋಲು ತಲುಪಿಸುವ ಕೊಳವೆ ಅನೇಕ ಕಾರುಗಳಲ್ಲಿ ಉಕ್ಕಿನದೇ. ಮೇಲೆ ಸತುವಿನ ಲೇಪ, ಬಣ್ಣ ಇರುತ್ತವೆ, ನಿಜ. ಆದರೆ ಅದು ಹಾದುಹೋಗುವುದು ಹಿಂದಿನ ಚಕ್ರದ ಮಗ್ಗುಲಿನಿಂದ. ಚಕ್ರ ಎಸೆಯುವ ಕಲ್ಲು ಬಣ್ಣವನ್ನು ಕೆರೆಯುತ್ತದೆ; ಎರಚಿದ ಮಣ್ಣು ಸಂದಿಯಲ್ಲಿ ಕೂಡುತ್ತದೆ; ಆ ಮಣ್ಣು ಒದ್ದೆಯ ಬಟ್ಟೆಯಂತೆ ಕೊಳವೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗುವುದೇ ಇಲ್ಲ. ಕಬ್ಬಿಣವನ್ನು ತಿನ್ನುವುದು ಬರಿಯ ನೀರಲ್ಲ, ಬರಿಯ ಗಾಳಿಯೂ ಅಲ್ಲ. ಎರಡೂ ಕೂಡಿ ಬಹುಕಾಲ ನಿಂತಾಗ ತುಕ್ಕು ಹುಟ್ಟುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಉಬ್ಬುತ್ತದೆ, ಪದರಪದರವಾಗಿ ಏಳುತ್ತದೆ. ಎದ್ದ ಪದರದ ಕೆಳಗೆ ಮತ್ತೆ ತೇವ ನುಗ್ಗುತ್ತದೆ. ಅಲ್ಯೂಮಿನಿಯಮ್ ಪಾತ್ರೆಯ ಮೇಲಿನ ಪೊರೆ ಪಾತ್ರೆಯನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಯಾರನ್ನೂ ಕಾಯುವುದಿಲ್ಲ.

ಇಲ್ಲಿ ಕೊಡಚಾದ್ರಿಯ ನೆನಪು ಬರುತ್ತದೆ. ಅಲ್ಲಿನ ಮೂಲ ಮೂಕಾಂಬಿಕೆಯ ಗುಡಿಯ ಬಳಿ ಒಂದು ಕಬ್ಬಿಣದ ಕಂಬ ನಿಂತಿದೆ. ಲೋಹವಿಜ್ಞಾನಿ ಟಿ. ಆರ್. ಅನಂತರಾಮನ್ ಅವರು 1999ರಲ್ಲಿ ಅದರ ಕುರಿತು ಬರೆದು ವಿಜ್ಞಾನಿಗಳ ಗಮನ ಸೆಳೆದರು. ಮಲೆನಾಡಿನ ಅಷ್ಟೂ ಮಳೆಯನ್ನು ನೆತ್ತಿಯ ಮೇಲೆ ಹೊತ್ತರೂ ಅದು ಕರಗಿಹೋಗಿಲ್ಲ. ಹಳೆಯವರು ಕಾಯಿಸಿ ಬಡಿದ ಕಬ್ಬಿಣದ ಗುಣ ಬೇರೆ, ನಮ್ಮ ಕೊಳವೆಯ ತೆಳುವಾದ ತಗಡಿನ ಗುಣ ಬೇರೆ ಎಂಬುದು ಸರಿಯೇ. ಆದರೆ ಇನ್ನೊಂದು ಭೇದವನ್ನೂ ಗಮನಿಸಬೇಕು. ಕಂಬದ ಮೇಲೆ ಬಿದ್ದ ಮಳೆ ಇಳಿದುಹೋಗುತ್ತದೆ, ಬಿಸಿಲು ಬಂದಾಗ ಕಂಬ ಒಣಗುತ್ತದೆ. ನಮ್ಮ ಕೊಳವೆಗೆ ಆ ಭಾಗ್ಯವಿಲ್ಲ. ಮಳೆಗಿಂತ ಅದನ್ನು ಹೆಚ್ಚು ಕೊಲ್ಲುವುದು ಮಣ್ಣಿನ ಕಂಬಳಿ. ಹಿಮ ಬೀಳುವ ದೇಶಗಳಲ್ಲಿ ರಸ್ತೆಯ ಮೇಲೆ ಉಪ್ಪು ಚೆಲ್ಲುವುದರಿಂದ ಅಲ್ಲಿಯ ಕಾರುಗಳ ಕೊಳವೆಗಳಿಗೂ ಇದೇ ಗತಿ. ನಮ್ಮ ಕರಾವಳಿಯಲ್ಲಿ ಕಡಲ ಗಾಳಿಯೇ ಆ ಉಪ್ಪನ್ನು ಹೊತ್ತು ತರುತ್ತದೆ.

ಕೊಳವೆಯ ಹೊರಗಿನಿಂದ ತೂತು ಕೊರೆದ ತುಕ್ಕು ಕ್ರಮೇಣ ಒಳಕ್ಕೂ ಇಳಿಯುತ್ತದೆ. ಪ್ರತಿ ಸಲ ಪೆಟ್ರೋಲು ಸುರಿದಾಗಲೂ ಅದರ ಹಕ್ಕಳೆಗಳು ತೊಳೆದು ಟ್ಯಾಂಕಿಗೆ ಬೀಳುತ್ತವೆ. ಟ್ಯಾಂಕಿನೊಳಗಿನ ಪಂಪಿನ ಬಾಯಿಗೆ ಒಂದು ಸಣ್ಣ ಜಾಲರಿಯ ಚೀಲವಿರುತ್ತದೆ. ಸಮತಟ್ಟಾದ ದಾರಿಯಲ್ಲಿ ಎಂಜಿನ್ನಿಗೆ ಸ್ವಲ್ಪವೇ ಪೆಟ್ರೋಲು ಸಾಕು. ಘಟ್ಟ ಹತ್ತುವಾಗ ಹೆಚ್ಚು ಬೇಕು, ಆಗ ಹಕ್ಕಳೆಗಳೆಲ್ಲ ಜಾಲರಿಗೆ ಮೆತ್ತಿಕೊಂಡು ಉಸಿರು ಕಟ್ಟಿಸುತ್ತವೆ. ಎಂಜಿನ್ ನಿಂತರೆ ಸೆಳೆತವೂ ನಿಲ್ಲುತ್ತದೆ. ಹಕ್ಕಳೆಗಳು ಉದುರಿ ಕೆಳಗೆ ಕೂಡುತ್ತವೆ. ಕಾರು ಮತ್ತೆ ಹೊರಡುತ್ತದೆ. ಘಟ್ಟದಲ್ಲಿ ನಾವು ಕಂಡ ಮಾಯೆಯ ಮರ್ಮ ಇಷ್ಟೇ. ಬಂಕಿನ ಹುಡುಗ ಹೇಳಿದ್ದೂ ನಿಜವಾಗಿತ್ತು. ದೊಡ್ಡ ಕೊಳವೆಯ ಪಕ್ಕದಲ್ಲಿ ಗಾಳಿ ಹೊರಹೋಗುವ ಒಂದು ಕಿರುಕೊಳವೆಯಿರುತ್ತದೆ. ಅದು ತುಕ್ಕಿನಿಂದ ಕಟ್ಟಿಕೊಂಡರೆ ಟ್ಯಾಂಕಿನ ಗಾಳಿಗೆ ದಾರಿಯಿಲ್ಲದೆ ಪೆಟ್ರೋಲು ಮೇಲಕ್ಕೆ ಉಕ್ಕಿ ಬರುತ್ತದೆ, ನಾಜಲ್ ತಾನಾಗಿ ನಿಲ್ಲುತ್ತದೆ.

ಇಷ್ಟು ಓದಿದ ಕೂಡಲೇ ಕೆಲವರು ಟಾರ್ಚು ಹಿಡಿದು ತಮ್ಮ ಕಾರಿನ ಬಾಯಿಯೊಳಗೆ ಇಣುಕುವುದು ಖಂಡಿತ. ಇಣುಕಲಿ, ಆದರೆ ಟಾರ್ಚೇ ಆಗಿರಲಿ. ಬೆಂಕಿಕಡ್ಡಿ ಗೀರಿ ಪೆಟ್ರೋಲು ಎಷ್ಟಿದೆಯೆಂದು ನೋಡಿದವನ ಕಥೆ ನಗೆಹನಿಯಲ್ಲಿ ಮಾತ್ರ ಚೆನ್ನ. ಮುಚ್ಚಳದ ಕೆಳಗೆ, ನಾಜಲ್ ಉಜ್ಜಿ ಲೇಪ ಸವೆದ ಕಡೆ, ತೆಳುವಾದ ಕಂದು ಬಣ್ಣ ಕಂಡರೆ ಗಾಬರಿಯಾಗಬೇಕಾಗಿಲ್ಲ. ಹಳೆಯ ಕಾರುಗಳಲ್ಲಿ ಅದು ಸಾಮಾನ್ಯ. ಬಿಳಿಯ ಹತ್ತಿಬಟ್ಟೆಯನ್ನು ಬೆರಳಿಗೆ ಸುತ್ತಿ ಒರೆಸಿ ನೋಡಿ. ಬಟ್ಟೆಗೆ ಬಣ್ಣ ಮಾತ್ರ ಹತ್ತಿ, ಲೋಹ ನುಣುಪಾಗಿದ್ದರೆ ಒರೆಸಿ ಬಿಡುವುದೇ ಸಾಕು. ಹಕ್ಕಳೆ ಎದ್ದು ಬಂದರೆ, ಬೆರಳಿಗೆ ಕುಳಿ ಸಿಕ್ಕರೆ, ಟ್ಯಾಂಕು ತುಂಬಿಸಿದ ದಿನ ಹಿಂದಿನ ಚಕ್ರದ ಬಳಿ ಪೆಟ್ರೋಲಿನ ವಾಸನೆ ಬಂದರೆ, ಇಲ್ಲವೇ ನಾಜಲ್ ಪದೇ ಪದೇ ನಿಂತರೆ, ಆಗ ಗ್ಯಾರೇಜಿಗೆ ಹೋಗಲೇಬೇಕು.

ಮೇಲಿನಿಂದ ನೀರು ಇಳಿಯುವ ದಾರಿಗಳನ್ನೂ ನೋಡಿಕೊಳ್ಳಿ. ಮುಚ್ಚಳದ ಒಳಗಿನ ರಬ್ಬರು ಬಳೆ ಒಣಗಿ ಬಿರುಕು ಬಿಟ್ಟಿದ್ದರೆ ಮುಚ್ಚಳವನ್ನೇ ಬದಲಿಸಿ. ಮುಚ್ಚಳದ ಸುತ್ತಲಿನ ಬಟ್ಟಲಿನಂಥ ಭಾಗದಲ್ಲಿ ನೀರು ಹರಿದುಹೋಗಲು ಒಂದು ಸಣ್ಣ ತೂತಿರುತ್ತದೆ. ಅದರಲ್ಲಿ ಒಂದು ಎಲೆಚೂರು ಸಿಕ್ಕಿಕೊಂಡರೆ ಮಳೆನೀರು ಅಲ್ಲೇ ನಿಂತು, ಮುಚ್ಚಳ ತೆಗೆದೊಡನೆ ಒಳಗೆ ಬೀಳುತ್ತದೆ. ಅರ್ಧ ಖಾಲಿಯಾದ ಟ್ಯಾಂಕು ತೇವದ ಗಾಳಿಯನ್ನು ಉಸಿರಾಡುತ್ತದೆ. ರಾತ್ರಿಯ ತಂಪಿಗೆ ಆ ತೇವ ಒಳಗೋಡೆಯ ಮೇಲೆ ಬೆವರಿನಂತೆ ಕೂಡುತ್ತದೆ. ಆದ್ದರಿಂದ ಮಳೆಗಾಲದಲ್ಲಿ ವಾರಗಟ್ಟಲೆ ಕಾರು ನಿಲ್ಲಿಸುವವರು ಟ್ಯಾಂಕನ್ನು ತುಂಬಿಸಿಯೇ ನಿಲ್ಲಿಸುವುದು ಲೇಸು.

ಈಗಿನ ಪೆಟ್ರೋಲಿನ ವಿಚಾರವನ್ನೂ ಇದಕ್ಕೆ ಸೇರಿಸಬೇಕು. ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. 2025ರ ಹೊತ್ತಿಗೆ ಆ ಮಿಶ್ರಣ ದೇಶದಲ್ಲೆಲ್ಲ ಹರಡಿತು. ಎಥನಾಲ್ ಎಂದರೆ ಕಬ್ಬು, ಧಾನ್ಯಗಳಿಂದ ತೆಗೆದ ಮದ್ಯಸಾರ; ಅದಕ್ಕೆ ನೀರೆಂದರೆ ಪ್ರೀತಿ. ಸ್ವಲ್ಪ ನೀರನ್ನು ಅದು ತನ್ನಲ್ಲೇ ಕರಗಿಸಿಕೊಂಡು ಎಂಜಿನ್ನಿಗೆ ಸಾಗಿಸಿಬಿಡುತ್ತದೆ. ಮಿತಿ ಮೀರಿದರೆ ಮಾತ್ರ ಪೆಟ್ರೋಲನ್ನು ಬಿಟ್ಟು ನೀರಿನೊಡನೆ ಕೂಡಿ ಟ್ಯಾಂಕಿನ ತಳ ಸೇರುತ್ತದೆ. ಆದ್ದರಿಂದ ಹಳೆಯ ಕಾರುಗಳ ಮುಚ್ಚಳ, ರಬ್ಬರು ಕೊಳವೆಗಳ ಮೇಲೆ ಮೊದಲಿಗಿಂತ ಹೆಚ್ಚು ಕಣ್ಣಿಟ್ಟಿರಬೇಕು.

ಮತ್ತೆ ಗ್ಯಾರೇಜಿಗೆ ಬರೋಣ. ಭಾವನವರಿಗೆ ಖರ್ಚಿನ ಚಿಂತೆ. “ಪೈಪನ್ನು ಅಲ್ಲೇ ಬಿಟ್ಟು ತೂತಿಗೊಂದು ವೆಲ್ಡಿಂಗ್ ಹಚ್ಚಿದರಾಗದೇ?” ಎಂದು ಕೇಳಿದರು. ಕೆಲಸ ಕಲಿಯುತ್ತಿದ್ದ ಹುಡುಗ ಉತ್ಸಾಹದಿಂದ ಎದ್ದೇಬಿಟ್ಟ. ಮೆಕ್ಯಾನಿಕ್ ಮಾತಾಡದೆ ತಮ್ಮ ಎಡಗೈಯ ತೋಳನ್ನು ಮೇಲೆ ಸರಿಸಿದರು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಸುಟ್ಟು ಸುಕ್ಕುಗಟ್ಟಿತ್ತು.

“ನನಗೆ ಇಪ್ಪತ್ತೆರಡು ವರ್ಷ ಆಗ. ಖಾಲಿ ಟ್ಯಾಂಕು ಅಂತ ನಂಬಿ ಬೆಂಕಿ ಹಿಡಿದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಕೆಟ್ಟದ್ದು ಅಣ್ಣಾ” ಎಂದರು.

ಅವರ ಮಾತು ಅಕ್ಷರಶಃ ಸತ್ಯ. ಹೊತ್ತಿಕೊಳ್ಳುವುದು ಪೆಟ್ರೋಲಿಗಿಂತ ಮೊದಲು ಅದರ ಆವಿ. ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಪೆಟ್ರೋಲು ಕಿಡಿಗೆ ಹೊತ್ತುವಷ್ಟು ಆವಿಯನ್ನು ಬಿಡುತ್ತಿರುತ್ತದೆ. ಗಾಳಿಯ ನೂರು ಪಾಲಿನಲ್ಲಿ ಸುಮಾರು ಒಂದೂವರೆಯಿಂದ ಏಳೂವರೆ ಪಾಲು ಈ ಆವಿ ಬೆರೆತಿದ್ದರೆ ಕಿಡಿ ತಗಲಿದೊಡನೆ ಸಿಡಿಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವೇ ಕಡಿಮೆ. ಖಾಲಿ ಟ್ಯಾಂಕಿನಲ್ಲಿ ಗಾಳಿ, ಆವಿ ಎರಡೂ ಇರುತ್ತವೆ. ಈ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಿದು ಗುಂಡಿಗಳಲ್ಲಿ ಅಡಗಿಯೂ ಕೂಡುತ್ತದೆ. ಆದ್ದರಿಂದ ಕೊಳವೆ ಕಾರಿನಲ್ಲಿರುವಾಗ ವೆಲ್ಡಿಂಗ್ ಕೂಡದು, ತಿರುಗುವ ತಂತಿಬ್ರಷ್ ಕೂಡದು, ಬೀಡಿ ಸಿಗರೇಟಂತೂ ದೂರವಿರಲಿ. ಮನೆಯಲ್ಲಿ ಕಡ್ಡಿ, ಬ್ರಷ್ಷು ತೂರಿಸಿ ಕೆರೆಯುವುದೂ ತಪ್ಪು. ಕೆರೆದ ತುಕ್ಕು ಹೋಗಿ ಬೀಳುವುದು ಟ್ಯಾಂಕಿಗೇ ತಾನೆ?

“ಹುಣಸೆಹುಳಿ ಹಾಕಿ ತೊಳೆದರೆ?” ಎಂದದ್ದು ನಾನು. ಮೆಕ್ಯಾನಿಕ್ ನಕ್ಕರು. ಹುಳಿ ತುಕ್ಕನ್ನು ಕರಗಿಸುತ್ತದೆ. ಆದರೆ ಉಳಿದಿರುವ ಸತುವಿನ ಲೇಪವನ್ನೂ ಮೊದಲು ತಿಂದುಹಾಕುತ್ತದೆ. ಬೆತ್ತಲೆಯಾದ ಕಬ್ಬಿಣ ಎರಡು ದಿನದಲ್ಲಿ ಮತ್ತೆ ಕೆಂಪಾಗುತ್ತದೆ. ಅಂಗಡಿಯಲ್ಲಿ ಸಿಗುವ ತುಕ್ಕುನಾಶಕ ದ್ರವಗಳಲ್ಲಿ ಕೆಲವು ಚೊಗರಿನ ಸಾರವುಳ್ಳವು. ಅಡಕೆ ಸುಲಿಯುವ ಕತ್ತಿ ಚೊಗರು ತಗಲಿ ಕಪ್ಪಾಗುವುದನ್ನು ಮಲೆನಾಡಿನವರೆಲ್ಲ ಬಲ್ಲರು. ನಮ್ಮ ಹಿರಿಯರು ಅಳಲೆಕಾಯಿಗೆ ಅನ್ನಭೇದಿ ಕೂಡಿಸಿ ಶಾಯಿ ಮಾಡಿದ್ದೂ ಇದೇ ತತ್ತ್ವದ ಮೇಲೆ. ಚೊಗರು ಕಬ್ಬಿಣದೊಡನೆ ಕೂಡಿ ಗಟ್ಟಿಯಾದ ಕಪ್ಪು ಪೊರೆಯಾಗುತ್ತದೆ. ಆ ಪೊರೆ ಬಣ್ಣದ ಕೆಳಗೆ, ಗೇಟಿಗೆ, ಕಿಟಕಿಯ ಸರಳಿಗೆ ಬಹಳ ಚೆನ್ನ. ಸದಾ ಪೆಟ್ರೋಲು ಹರಿಯುವ, ಅದಾಗಲೇ ತೂತು ಬಿದ್ದ ಕೊಳವೆಯೊಳಗೆ ಅದನ್ನು ನಂಬುವಂತಿಲ್ಲ.

ಹೊಸ ಕೊಳವೆಯೇ ಮದ್ದು. ಗುಜರಿಯಿಂದ ತಂದದ್ದು ಬೇಡ. ಇನ್ನೊಬ್ಬರ ತುಕ್ಕನ್ನು ದುಡ್ಡು ಕೊಟ್ಟು ಕೊಂಡಂತಾಗುತ್ತದೆ. ಮೆಕ್ಯಾನಿಕ್ ಬ್ಯಾಟರಿಯ ತಂತಿ ಕಳಚಿ, ಕಾರನ್ನು ಬಯಲಿಗೆ ತಳ್ಳಿಸಿ, ಟ್ಯಾಂಕು ಇಳಿಸಿ, ತಳದ ಗಸಿಯನ್ನು ತೆಗೆದರು. ಒಂದು ಹಿಡಿಯಷ್ಟು ಕೆಂಪು ಹುಡಿ! ಜಾಲರಿ, ಫಿಲ್ಟರು, ಟ್ಯಾಂಕಿಗೆ ಕೂಡಿಸುವ ರಬ್ಬರು ಕೊಳವೆ, ಅದರ ಕ್ಲಿಪ್ಪುಗಳು, ಎಲ್ಲವೂ ಹೊಸದಾದವು. ಹೊಸ ಉಕ್ಕಿನ ಕೊಳವೆಯನ್ನು ಕೂಡಿಸುವ ಮೊದಲೇ ಅದರ ಹೊರಮೈಗೆ ತುಕ್ಕುನಿರೋಧಕ ಮೇಣವನ್ನು ಬಳಿದರು.

ಎಲ್ಲ ಮುಗಿದ ಮೇಲೆ ಅವರು ಹೇಳಿದ ಮಾತು ಇದು: “ಆಯುಧಪೂಜೆಗೆ ಎಲ್ಲರೂ ಗಾಡಿ ತೊಳೆದು ತರುತ್ತಾರೆ. ಬಾನೆಟ್ಟಿಗೆ ಹೂವು, ಗಾಜಿಗೆ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಚಕ್ರದ ಹಿಂದಿನ ಮಣ್ಣು ಮಾತ್ರ ಹಾಗೇ ಇರುತ್ತದೆ. ಅದನ್ನು ತೆಗೆದರೆ ನನಗೆ ಕೆಲಸ ಕಡಿಮೆ ಆಗುತ್ತದೆ, ಆಗಲಿ ಬಿಡಿ.”

ಆ ಮಾತನ್ನೇ ನಾನು ಓದುಗರ ಮುಂದಿಡುತ್ತೇನೆ. ಮಳೆಗಾಲ ಹಿಂದೆ ಸರಿದು ಆಯುಧಪೂಜೆ ಬರುವ ಹೊತ್ತು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅಂದು ಹಿಂದಿನ ಚಕ್ರದ ತಡೆಯನ್ನು ಕಳಚಿಸಿ, ನೀರಿನಿಂದ ಮಣ್ಣು ತೊಳೆಯಿಸಿ, ಒಂದು ದಿನ ಬಿಸಿಲಿಗೆ ಒಣಗಿಸಿ, ಬಣ್ಣ ಎದ್ದ ಕಡೆ ತುಕ್ಕುನಿರೋಧಕ ಬಣ್ಣವನ್ನೋ ಮೇಣವನ್ನೋ ಹಚ್ಚಿಸಿ. ಜೂನ್ ತಿಂಗಳ ಮೊದಲು ಮತ್ತೊಮ್ಮೆ ನೋಡಿ. ಬೆಂಗಳೂರು, ಮೈಸೂರುಗಳಲ್ಲಿ ವರ್ಷಕ್ಕೊಮ್ಮೆ ಸಾಕು. ಮಲೆನಾಡು, ಕರಾವಳಿಗಳಲ್ಲಿ ಎರಡು ಸಲ ಬೇಕು.

ಕಳೆದ ಆಯುಧಪೂಜೆಯ ಸಂಜೆ ಭಾವ ಫೋನು ಮಾಡಿದ್ದರು. ಚಕ್ರ ಬಿಚ್ಚಿ ಮಣ್ಣು ತೆಗೆಸಿದ್ದನ್ನು ವಿಸ್ತಾರವಾಗಿ ವರ್ಣಿಸಿದರು. ಅತ್ತೆಯವರನ್ನು ಕಣ್ಣಿನ ಮರುಪರೀಕ್ಷೆಗೆ ಕರೆದುಕೊಂಡು ಹೋಗಿ, ಅದೇ ಘಟ್ಟವನ್ನು ಹತ್ತಿ ಬಂದದ್ದನ್ನೂ ಹೇಳಿದರು. ಆಮೇಲೆ ತುಸು ತಡೆದು, “ಪೆಟ್ರೋಲಿಗೆ ಆ ಬಂಕಿಗೇ ಹೋಗಿದ್ದೆ” ಎಂದರು.

“ಆ ಹುಡುಗ ಇದ್ದನೇ?”

“ಇದ್ದ. ಅವತ್ತು ಎಷ್ಟು ಜನರ ಮುಂದೆ ಬೈದಿದ್ದೆನೋ ಇವತ್ತೂ ಅಷ್ಟೇ ಜನ ಇದ್ದರು. ‘ಅವತ್ತು ನನ್ನದೇ ತಪ್ಪು ಮಾರಾಯ, ನೀನು ಹೇಳಿದ್ದೇ ಸರಿಯಾಗಿತ್ತು’ ಅಂದೆ.”

“ಅವನೇನೆಂದ?”

“ಏನೆನ್ನುತ್ತಾನೆ? ‘ಮೀಟರು ಸೊನ್ನೆ ನೋಡಿಕೊಳ್ಳಿ ಅಣ್ಣಾ’ ಅಂದ. ಪೂರ್ತಿ ತುಂಬುವ ತನಕ ನಾಜಲ್ ಒಂದು ಸಲವೂ ನಿಲ್ಲಲಿಲ್ಲ ನೋಡು.”